ಬೂಟ್ ಶುರುವಿನಲ್ಲೇ ಐಓರಿಮ್ಯಾಪ್ ಯಾಕೆ ಆಗಲ್ಲ?

ನೀವು ಕೇಳಿದ್ದು ಎರಡು: 64-ಬಿಟ್ ಆರ್ಮ್ ಬೋರ್ಡಿನಲ್ಲಿ ಲಿನಕ್ಸ್ ಬೂಟ್ ಆಗುವಾಗ ತೀರಾ ಮೊದಲೇ ಐಓರಿಮ್ಯಾಪ್ (ಡಿವೈಸಿನ ಫಿಸಿಕಲ್ ವಿಳಾಸವನ್ನು ಕರ್ನಲ್ ಬಳಸುವ ವರ್ಚುವಲ್ ವಿಳಾಸಕ್ಕೆ ಜೋಡಿಸುವ ಕರೆ) ಕರೆದರೆ ಕರ್ನಲ್ ಯಾಕೆ ನಿಂತುಬಿಡುತ್ತದೆ, ಮತ್ತು ಫಿಕ್ಸ್‌ಮ್ಯಾಪ್ (ಇಂಥ ಜೋಡಣೆಗೆಂದೇ ಮೊದಲೇ ಕಾದಿರಿಸಿದ ವರ್ಚುವಲ್ ವಿಳಾಸಗಳು) ಬಳಸಿದರೂ ಸೀರಿಯಲ್ ಪೋರ್ಟಿನಲ್ಲಿ ಅಕ್ಷರ ಯಾಕೆ ಬರುತ್ತಿಲ್ಲ.

ಮೊದಲನೆಯದು ಸುಲಭ. ಐಓರಿಮ್ಯಾಪ್‌ಗೆ ವಿಎಂಅಲಾಕ್ ಜಾಗ (ಕರ್ನಲ್ ಬೇಕಾದಾಗ ಹಂಚಿಕೊಳ್ಳುವ ವರ್ಚುವಲ್ ವಿಳಾಸಗಳು) ಬೇಕು, ಪೇಜ್ ಟೇಬಲ್‌ಗೆ (ಯಾವ ವರ್ಚುವಲ್ ವಿಳಾಸ ಯಾವ ಫಿಸಿಕಲ್ ವಿಳಾಸಕ್ಕೆ ಎನ್ನುವ ಪಟ್ಟಿಗೆ) ಹೊಸ ಪುಟ ಬೇಕು. ಆ ಹೊತ್ತಿಗೆ ಮೆಮೊರಿ ಹಂಚುವ ಅಲೊಕೇಟರ್ ಇನ್ನೂ ಎದ್ದಿರುವುದಿಲ್ಲ.

ಫಿಕ್ಸ್‌ಮ್ಯಾಪ್‌ಗೆ ಆ ಹಂಗಿಲ್ಲ. ಅದರ ಪ್ರತಿ ಸ್ಲಾಟಿಗೂ (ಒಂದು ಪುಟದ ಜಾಗಕ್ಕೂ) ಈನಮ್‌ನಲ್ಲಿ, ಅಂದರೆ ಕೋಡಿನಲ್ಲೇ ಬರೆದ ಸಂಖ್ಯೆಗಳ ಪಟ್ಟಿಯಲ್ಲಿ, ಒಂದು ಸಂಖ್ಯೆ. ಫಿಕ್ಸ್‌ಮ್ಯಾಪ್‌ನ ಮೇಲಿನ ಗಡಿಯಿಂದ ಅಷ್ಟು ಪುಟ ಕೆಳಗೆ ಇಳಿದರೆ ಅದೇ ವರ್ಚುವಲ್ ವಿಳಾಸ. ಅದು ಕಂಪೈಲ್ ಸಮಯದಲ್ಲೇ ಗೊತ್ತು. ಅದರ ಪೇಜ್ ಟೇಬಲ್‌ಗಳೂ ಕರ್ನಲ್ ಇಮೇಜಿನ ಬಿಎಸ್‌ಎಸ್‌ನಲ್ಲೇ (ಸೊನ್ನೆಯಿಂದ ಶುರುವಾಗುವ ಸ್ಥಿರ ಡೇಟಾದ ಭಾಗದಲ್ಲೇ) ಇರುತ್ತವೆ. ಹಾಗಾಗಿ ಯಾರನ್ನೂ ಮೆಮೊರಿ ಕೇಳಬೇಕಿಲ್ಲ, ಒಂದು ಎಂಟ್ರಿ ಬರೆದರೆ ಮುಗಿಯಿತು. ಈ ವಿನ್ಯಾಸ ನನಗೆ ನಿಜಕ್ಕೂ ತುಂಬಾ ಇಷ್ಟ.

ಇನ್ನು ಅಕ್ಷರ ಬಾರದಿರುವುದು. ಫಿಕ್ಸ್‌ಮ್ಯಾಪ್ ಇಡೀ ಪುಟವನ್ನೇ ಮ್ಯಾಪ್ ಮಾಡುತ್ತದೆ. ನಿಮ್ಮ ರಿಜಿಸ್ಟರುಗಳು ಪುಟದ ನಡುವೆ ಶುರುವಾಗುತ್ತಿದ್ದರೆ, ಫಿಸಿಕಲ್ ವಿಳಾಸದ ಕೊನೆಯ 12 ಬಿಟ್‌ಗಳನ್ನು (4 ಕೆಬಿ ಪುಟವಾದರೆ) ವರ್ಚುವಲ್ ವಿಳಾಸಕ್ಕೆ ನೀವೇ ಕೂಡಿಸಬೇಕು. ಇಲ್ಲದಿದ್ದರೆ ಬೇರೆಲ್ಲೋ ಬರೆಯುತ್ತಿರುತ್ತೀರಿ. ಜೊತೆಗೆ ಸಾಮಾನ್ಯ ಸೆಟ್ ಫಿಕ್ಸ್‌ಮ್ಯಾಪ್ ಕರೆದಿದ್ದೀರಾ ನೋಡಿ. ಡಿವೈಸ್ ರಿಜಿಸ್ಟರಿಗೆ ಐಓ ರೂಪದ ಕರೆಯೇ ಬೇಕು, ಕ್ಯಾಶ್ ಆಗುವ ಮ್ಯಾಪಿಂಗ್ ಸಲ್ಲದು.

ಒಂದೇ ಪುಟ ಸಾಲದಿದ್ದರೆ ಅರ್ಲಿ ಐಓರಿಮ್ಯಾಪ್ ಬಳಸಿ. ಅದೂ ಫಿಕ್ಸ್‌ಮ್ಯಾಪ್ ಸ್ಲಾಟುಗಳ ಮೇಲೆಯೇ ನಿಂತಿದೆ, ಒಂದು ಕರೆಗೆ 256 ಕೆಬಿ ಮಿತಿ. ಕೆಲಸ ಆದಮೇಲೆ ಅರ್ಲಿ ಐಓಅನ್‌ಮ್ಯಾಪ್ ಕರೆಯಿರಿ. ಕರೆಯದಿದ್ದರೆ ಬೂಟ್ ಕೊನೆಯಲ್ಲಿ ಲೀಕ್ ಎಚ್ಚರಿಕೆ ಬರುತ್ತದೆ.