42ರ ವಯಸ್ಸಿನಲ್ಲಿ ರಾಜ್ಯಶಾಸ್ತ್ರದ ಬಿ.ಎ. ಮಾಡಬಹುದಾ? ತಲೆಗೆ ಹತ್ತುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಕೊಡಗಿನ ಸಿದ್ದಾಪುರದ ಕಡೆ ಎಸ್ಟೇಟ್ ರೈಟರ್ (ಕಾಫಿ ತೋಟದ ಲೆಕ್ಕ ಬರೆಯುವವರು), ಪಿಯುಸಿಗೆ ಓದು ನಿಂತಿದೆ, ಈಗ ಕೆಲಸ ಬಿಡದೆ ರಾಜ್ಯಶಾಸ್ತ್ರದಲ್ಲಿ ಬಿ.ಎ. ಮಾಡುವ ಆಸೆ, ಆದರೆ ಈ ವಯಸ್ಸಲ್ಲಿ ಓದಿದ್ದು ತಲೆಗೆ ಹತ್ತುತ್ತದೋ ಇಲ್ಲವೋ ಅನ್ನುವ ಅಳುಕು. ನಾನು ಗೋಣಿಕೊಪ್ಪದ ಕಡೆಯವಳು, ಸಹಕಾರ ಸಂಘವೊಂದರಲ್ಲಿ ಕೆಲಸ. ನಲವತ್ತು ದಾಟಿದ ಮೇಲೆ ಮನೆಯಲ್ಲೇ ಕೂತು ಇದೇ ಪದವಿ ಮುಗಿಸಿದೆ.

ತಲೆಗೆ ಹತ್ತುತ್ತದೆ, ಆ ಚಿಂತೆ ಬಿಡಿ. ನಮ್ಮ ವಯಸ್ಸಿನವರಿಗೆ ತೊಡಕಾಗುವುದೇ ಬೇರೆ. ರಾಜಕೀಯದ ಬಗ್ಗೆ ನಮಗೆ ಮೊದಲೇ ಬೇಕಾದಷ್ಟು ಗೊತ್ತು, ಗೊತ್ತಿರುವುದಕ್ಕಿಂತ ಅಭಿಪ್ರಾಯ ಜಾಸ್ತಿ. ಪಕ್ಷಾಂತರ ನಿಷೇಧದ ಮೇಲೆ ಒಂದು ಪ್ರಶ್ನೆ ಬಂತು ಅಂದುಕೊಳ್ಳಿ. 2019ರಲ್ಲಿ ಯಾರು ಯಾವ ರೆಸಾರ್ಟಿಗೆ ಹೋದರು, ಯಾರು ಯಾರಿಗೆ ಕೈಕೊಟ್ಟರು ಎಂದು ಎರಡು ಪುಟ ಬರೆಯಲು ಕೈ ತುರಿಸುತ್ತದೆ. ಮೌಲ್ಯಮಾಪಕರಿಗೆ ಆ ಕಥೆ ಬೇಡ. 1985ರ 52ನೇ ತಿದ್ದುಪಡಿ, ಅದರಿಂದ ಬಂದ ಹತ್ತನೇ ಅನುಸೂಚಿ, ಅನರ್ಹತೆ ತೀರ್ಮಾನಿಸುವ ಅಧಿಕಾರ ಸ್ಪೀಕರ್ ಕೈಯಲ್ಲಿರುವುದು, ಅದರಲ್ಲಿರುವ ತಕರಾರು, ಇಷ್ಟು ಬರಬೇಕು. ಇವೆಲ್ಲ ಬಂದ ಮೇಲೆ ಕರ್ನಾಟಕದ 17 ಶಾಸಕರ ಪ್ರಕರಣವನ್ನು ಉದಾಹರಣೆಯಾಗಿ ಕೊಡಿ: ಸ್ಪೀಕರ್ ಅನರ್ಹಗೊಳಿಸಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಆದರೆ ಉಪಚುನಾವಣೆಗೆ ನಿಲ್ಲುವುದಕ್ಕೆ ಅಡ್ಡಿ ಮಾಡಲಿಲ್ಲ. ಅಷ್ಟೇ ಸಾಕು. ಅಂಗಡಿ ಜಗಲಿಯ ಹರಟೆ ಅಂಗಡಿ ಜಗಲಿಯಲ್ಲೇ ಇರಲಿ.

ಇನ್ನು ಕೊಡಗಿನವರಿಗೆ ಈ ವಿಷಯದಲ್ಲಿ ಒಂದು ಅನುಕೂಲ ಇದೆ, ಅದನ್ನು ಬಿಡಬೇಡಿ. ಒಕ್ಕೂಟ ವ್ಯವಸ್ಥೆಯ ಪಾಠದಲ್ಲಿ ಎ, ಬಿ, ಸಿ ಭಾಗದ ರಾಜ್ಯಗಳು ಎಂದು ಬರುತ್ತದೆ, ಸಂವಿಧಾನ ಜಾರಿಯಾದ ಹೊಸದರಲ್ಲಿ ರಾಜ್ಯಗಳನ್ನು ವಿಂಗಡಿಸಿದ್ದ ಬಗೆ ಅದು. ಬೇರೆ ಜಿಲ್ಲೆಯವರು ಅದನ್ನು ಉರು ಹೊಡೆಯಬೇಕು, ನಮಗೆ ಅದು ಅಜ್ಜಂದಿರ ಕಾಲದ ಮಾತು. ಸಿ ಭಾಗದ ರಾಜ್ಯವಾಗಿದ್ದ ಕೊಡಗಿಗೆ 24 ಸದಸ್ಯರ ಸ್ವಂತ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1952ರ ಚುನಾವಣೆ ನಡೆದದ್ದೇ ಮೈಸೂರಿನ ಜೊತೆ ಸೇರಬೇಕೋ ಬೇಡವೋ ಅನ್ನುವುದರ ಮೇಲೆ. ವಿಲೀನದ ಪರ ಇದ್ದ ಕಾಂಗ್ರೆಸ್‌ಗೆ 15 ಸ್ಥಾನ, ವಿಲೀನ ಬೇಡವೆಂದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷಕ್ಕೆ 9. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಪ್ರಕಾರ 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದ ಜಿಲ್ಲೆಯಾಯಿತು. ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ಸಂವಿಧಾನದ 3ನೇ ವಿಧಿ ಓದಿ. ರಾಜ್ಯದ ಗಡಿ ಬದಲಿಸುವುದು ಸಂಸತ್ತು. ಆ ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಸಿಗಲೇಬೇಕು ಎಂದಿಲ್ಲ. 2014ರಲ್ಲಿ ಆಂಧ್ರ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿದರೂ ತೆಲಂಗಾಣ ಆಯಿತಲ್ಲ, ಹಾಗೆ. ಭಾರತದ ಒಕ್ಕೂಟದಲ್ಲಿ ಕೇಂದ್ರದ ಕೈ ಯಾಕೆ ಮೇಲು ಅನ್ನುವ ಪ್ರಶ್ನೆ ಬಂದರೆ ಈ ಎರಡು ಉದಾಹರಣೆ ಹಾಕಿ. ಅದೇ ರೀತಿ ಪಂಚಾಯತ್ ರಾಜ್‌ನ 73ನೇ ತಿದ್ದುಪಡಿ ಓದಿದ ವಾರ ನಿಮ್ಮೂರಲ್ಲಿ ಗ್ರಾಮಸಭೆ ಇದ್ದರೆ ಹೋಗಿ ಹಿಂದಿನ ಸಾಲಲ್ಲಿ ಕೂತು ಬನ್ನಿ. ಕೋರಂ ಇಲ್ಲದೆ ಸಭೆ ಮುಂದೂಡುವುದನ್ನು ಕಂಡರೆ ಪಾಠದ ಅರ್ಧ ಅಲ್ಲೇ ಆಗುತ್ತದೆ!

ಪ್ಲೇಟೋ, ಹಾಬ್ಸ್, ಲಾಕ್, ರೂಸೋ ಇಂಥ ರಾಜಕೀಯ ಚಿಂತಕರು ಮೊದಮೊದಲು ಒಣ ಅನ್ನಿಸುತ್ತಾರೆ. ಅವರನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಕಕ್ಕಡ ತಿಂಗಳ (ಆಟಿಯ) ಮಳೆಯಲ್ಲಿ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಚಾರ್ಜ್ ಲೈಟ್ ಒಂದಿದ್ದರೆ ಓದಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಕಾಫಿ ಕುಯ್ಲು ಶುರುವಾದ ಮೇಲೆ ನಿಮ್ಮಿಂದ ಓದಲು ಆಗುವುದಿಲ್ಲ. ಸಂಜೆ ಹಣ್ಣು ತೂಕ ಹಾಕಿಸಿ, ಲೆಕ್ಕ ಬರೆದು ಮನೆ ಸೇರುವಷ್ಟರಲ್ಲಿ ಕಣ್ಣು ಎಳೆಯುತ್ತಿರುತ್ತದೆ. ಆ ತಿಂಗಳುಗಳಲ್ಲಿ ಓದುತ್ತೇನೆ ಎಂದು ಟೈಮ್‌ಟೇಬಲ್ ಹಾಕಿಕೊಳ್ಳುವುದೇ ಬೇಡ.

ಯಾವ ವಿಶ್ವವಿದ್ಯಾನಿಲಯ ಎಂದು ಕೇಳಿದ್ದೀರಿ. ಕನ್ನಡದಲ್ಲೇ ಬರೆಯುವುದಾದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಸಿದ್ಧಪಾಠದ ಪುಸ್ತಕ ಅವರೇ ಕೊಡುತ್ತಾರೆ. ಆ ವಿಶ್ವವಿದ್ಯಾನಿಲಯಕ್ಕೆ ಮಧ್ಯೆ ಕೆಲವು ವರ್ಷ ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ಮಾನ್ಯತೆ ತಪ್ಪಿತ್ತು, 2018ರಲ್ಲಿ ಮತ್ತೆ ಸಿಕ್ಕಿತು. ಹಾಗಾಗಿ ಎಲ್ಲಿಗೇ ಸೇರಿ, ನೀವು ಸೇರುವ ವರ್ಷಕ್ಕೆ, ನಿಮ್ಮ ಕೋರ್ಸಿಗೆ ಮಾನ್ಯತೆ ಇದೆಯಾ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಯೇ ದುಡ್ಡು ಕಟ್ಟಿ, ಏಜೆಂಟರ ಮಾತು ನಂಬಬೇಡಿ. ಇಂಗ್ಲಿಷ್ ಸಲೀಸು ಅನ್ನಿಸಿದರೆ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ) ಕೂಡ ಒಳ್ಳೆಯದು, ಮೂರು ವರ್ಷದ ಪದವಿ ಮುಗಿಸಲು ಆರು ವರ್ಷದವರೆಗೆ ಸಮಯ ಕೊಡುತ್ತಾರೆ. ಆದರೆ ಅವರ ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ. ಡಿಸೆಂಬರ್ ಅಂದರೆ ಅರೇಬಿಕಾ ಕುಯ್ಲು, ನೀವು ಜೂನ್ ಹಿಡಿದುಕೊಳ್ಳಿ.

ಪದವಿಯಿಂದ ಏನು ಸಿಗುತ್ತದೆ? ಸರ್ಕಾರಿ ಕೆಲಸಕ್ಕೆ ವಯೋಮಿತಿ ಅಡ್ಡ ಬರಬಹುದು, ಆ ಆಸೆಯಿಂದ ಮಾತ್ರ ಸೇರುವುದಾದರೆ ನಾನು ಬೇಡ ಅನ್ನುತ್ತೇನೆ. ಎಂ.ಎ. ಮಾಡಬಹುದು. ಮೂರು ವರ್ಷದ ಕಾನೂನು ಪದವಿಗೂ ಹೋಗಬಹುದು, ಆದರೆ ಅದನ್ನು ಅಂಚೆ ಮೂಲಕ ಮಾಡಲು ಬರುವುದಿಲ್ಲ, ಕಾಲೇಜಿಗೆ ಹೋಗಲೇಬೇಕು.

ಒಂದು ಮಾತು ಬಿಟ್ಟುಹೋಯಿತು. ಮೂರು ಗಂಟೆ ಎಡೆಬಿಡದೆ ಬರೆಯುವ ಅಭ್ಯಾಸ ತಪ್ಪಿದವರಿಗೆ ಎರಡನೇ ಗಂಟೆಗೇ ಹೆಬ್ಬೆರಳು ಸೆಟೆದುಕೊಳ್ಳುತ್ತದೆ. ನೀವು ದಿನಾ ಚೆಕ್‌ರೋಲ್ (ಕೂಲಿಯಾಳುಗಳ ಹಾಜರಿ ಪುಸ್ತಕ) ಬರೆಯುವವರು, ಕೈ ಪಳಗಿರಬಹುದು. ಆದರೂ ಪರೀಕ್ಷೆಗೆ ಮುಂಚೆ ಹಳೆಯ ಪ್ರಶ್ನೆಪತ್ರಿಕೆ ಹಿಡಿದು, ಗಡಿಯಾರ ಇಟ್ಟುಕೊಂಡು, ಪೂರ್ತಿ ಉತ್ತರ ಬರೆದು ನೋಡಿ.