‘ಪರವಾಗಿಲ್ಲ’ ಅಂದು ಕೆಟ್ಟವನ ಉತ್ತರ

ಗೆಳೆಯರು ಅಭಿಪ್ರಾಯ ಕೇಳಿದಾಗ ‘ಪರವಾಗಿಲ್ಲ’ ಅಂದುಬಿಟ್ಟರೆ ಸೇಫ್ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ನಾನೂ ಹಾಗೇ ಅಂದುಕೊಂಡಿದ್ದವನು.

ಮೈಸೂರಿನಲ್ಲಿ ನನ್ನ ಜೊತೆ ರೂಮಿನಲ್ಲಿದ್ದವನು ಹಾವೇರಿ ಕಡೆಯವನು. ಕೆಲಸ ಬಿಟ್ಟು ಖಾನಾವಳಿ ಹಾಕುವ ಆಸೆ ಅವನಿಗೆ. ಅಡುಗೆ ತಾನೇ ಮಾಡುವುದೋ, ಬೇರೆಯವರನ್ನು ಇಡುವುದೋ ಅನ್ನೋದೊಂದೇ ಅನುಮಾನ. ಒಂದು ಭಾನುವಾರ ಜೋಳದ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ, ಗುರೆಳ್ಳು ಚಟ್ನಿ ಇಟ್ಟು ನನ್ನನ್ನು ಕೂರಿಸಿದ. “ಹೆಂಗ ಆಗೇತಿ? ಖರೇ ಹೇಳು” ಅಂದ. ಬಾಯಲ್ಲಿ ತುತ್ತು, ಎಡಗೈಯಲ್ಲಿ ಫೋನು. ತಲೆ ಎತ್ತದೆ “ಪರವಾಗಿಲ್ಲ” ಅಂದೆ.

ಅಷ್ಟೇ ನೋಡಿ ನಾನು ಮಾಡಿದ್ದು.

ನಮ್ಮ ಮನೆಯಲ್ಲಿ ಅದು ದೊಡ್ಡ ಹೊಗಳಿಕೆ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ಅಪ್ಪ ಅಂಕಪಟ್ಟಿ ತಿರುಗಿಸಿ ನೋಡಿ “ಪರವಾಗಿಲ್ವೇ!” ಅಂದಿದ್ದರು. ಅಮ್ಮ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು. ಆದರೆ ಅಪ್ಪನ ಮಾತಿಗೆ ಕೊನೆಯಲ್ಲಿ ಆ ‘ವೇ’ ಇತ್ತು, ಹುಬ್ಬು ಮೇಲೆ ಹೋಗಿತ್ತು. ನನ್ನದರಲ್ಲಿ ಎರಡೂ ಇರಲಿಲ್ಲ. ಅದೇ ಪದವನ್ನು ದನಿ ಇಳಿಸಿ ಹೇಳಿದರೆ ‘ಹೇಗೋ ನುಂಗಬಹುದು’ ಅಂತಾಗುತ್ತೆ. ಕಾಲು ತುಳಿದವರು ಸಾರಿ ಅಂದಾಗಲೂ ಇದನ್ನೇ ಹೇಳ್ತೀವಿ. ಪಾರಸಿಯ ‘ಪರವಾ’, ಅಂದರೆ ಚಿಂತೆ. ಚಿಂತೆ ಇಲ್ಲ, ಕೇಡಿಲ್ಲ ಅನ್ನುವ ಪದ ಅದು. ಒಳ್ಳೆಯದಿದೆ ಅಂತ ಅದು ತಾನಾಗಿ ಹೇಳಲ್ಲ. ದನಿ ಹೇಳಬೇಕು, ಮುಖ ಹೇಳಬೇಕು. ನನ್ನ ಮುಖ ಫೋನಿನಲ್ಲಿತ್ತು! ಅವನ ಊರಿನಲ್ಲಾದರೋ ಊಟ ಹಿಡಿಸಿದರೆ “ಭಾರಿ ಆಗೇತಿ” ಅಂತ ಬಾಯಿ ತುಂಬ ಹೇಳ್ತಾರೆ. (ಅವನು ಕುಂದಾಪುರದವನಾಗಿದ್ದರೆ ನಾನು ಬಚಾವಾಗುತ್ತಿದ್ದೆನೋ ಏನೋ. ಅವರ ‘ಅಡ್ಡಿಲ್ಲೆ’ಯೂ ಇದೇ ಜಾತಿಯ ಹೊಗಳಿಕೆ.)

ಅವನು ಏನೂ ಅನ್ನಲಿಲ್ಲ. ಮರುವಾರವೇ ಸಂಬಳಕ್ಕೆ ಒಬ್ಬ ಅಡುಗೆಯವನನ್ನು ಗೊತ್ತುಮಾಡಿದ. ಸಂಬಳ, ಬಾಡಿಗೆ ಎರಡೂ ಏಗಲಾರದೆ ವರ್ಷ ತುಂಬುವ ಮುಂಚೆ ಖಾನಾವಳಿ ಮುಚ್ಚಿತು. ಅದಾಗಿ ಎಷ್ಟೋ ದಿನದ ಮೇಲೆ ಬಾಯಿಬಿಟ್ಟ, “ನೀನ ಪರವಾಗಿಲ್ಲ ಅಂದ್ಯಲ್ಲೋ.” ನಾನಂದೆ, “ಅವತ್ತು ನಾಲ್ಕು ರೊಟ್ಟಿ ತಿಂದಿದ್ದೆ ಮಾರಾಯ!” “ಹಸಿದಿದ್ದಿ ಅನ್ಕೊಂಡೆ” ಅಂದ.

ಹಾಗಾಗಿ ಸೇಫ್ ಪದ ಹುಡುಕಬೇಡಿ. ‘ಚೆನ್ನಾಗಿದೆ’ ಕೂಡ ಸೇಫ್ ಅಲ್ಲ, ಅದನ್ನು ಯಾರೂ ನಂಬಲ್ಲ. ಏನಾಯ್ತೋ ಅದನ್ನು ಹೇಳಿ. “ನಾಲ್ಕನೇ ರೊಟ್ಟಿ ಕೇಳಿ ಹಾಕಿಸಿಕೊಂಡೆ, ನಿನ್ನ ಚಟ್ನಿಯ ದೆಸೆಯಿಂದ” ಅಂದಿದ್ದರೆ ಸಾಕಿತ್ತು. ತಪ್ಪು ತೋರಿಸಬೇಕಾದರೆ ಕನ್ನಡದಲ್ಲೇ ದಾರಿ ಇದೆ. ಹಸಿವು, ಸಿಟ್ಟು, ನಾಚಿಕೆ, ಬೇಜಾರು ಎಲ್ಲ ನಮ್ಮಲ್ಲಿ ‘ನನಗೆ’ ಆಗುವಂಥವು. ಅನ್ನಿಸುವುದೂ ನನಗೇ. “ಖಾರ ಜಾಸ್ತಿ ಆಗಿದೆ” ಅಂದರೆ ಅಡುಗೆಯ ಮೇಲೆ ತೀರ್ಪು. “ನನಗೆ ಖಾರ ಜಾಸ್ತಿ ಅನ್ನಿಸ್ತು” ಅಂದರೆ ನನ್ನ ನಾಲಿಗೆಯ ಸುದ್ದಿ, ಅವರು ವಾದಕ್ಕೂ ಬರಬಹುದು, ನಗಲೂಬಹುದು. ಆದರೆ ಎಲ್ಲದಕ್ಕೂ ‘ಅನ್ಸುತ್ತೆ’ ಅಂಟಿಸುತ್ತಾ ಹೋಗಬೇಡಿ. ಅದು ಸುಮ್ನೆ ಜಾರಿಕೊಳ್ಳುವ ಚಾಳಿ.

ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ. ಮತ್ತೆ ಅದೇ ಎಣ್ಣೆಗಾಯಿ. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದ. “ಈ ಸಲ ಕೇಳಂಗಿಲ್ಲ. ರೊಟ್ಟಿ ಎಣಸ್ತೀನಿ.”