ವಿಝಾರ್ಡ್, ಸಾರ್ಸರರ್, ವಾರ್ಲಾಕ್ ಮೂವರೂ ಮಂತ್ರ ಹಾಕೋರೇ ಅಲ್ವಾ? ವ್ಯತ್ಯಾಸ ಏನು?

ಮಂತ್ರ ಎಲ್ಲಿಂದ ಬಂತು ಅನ್ನೋದೇ ವ್ಯತ್ಯಾಸ. ಈ ಮೂವರೂ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಪಾತ್ರ ವಹಿಸಿಕೊಂಡು ಆಡುವ ಆಟದ ಪಾತ್ರಗಳು; ಅದರ 2014ರ ನಿಯಮದ ಪ್ರಕಾರ ಹೇಳುತ್ತೇನೆ.

ವಿಝಾರ್ಡ್ ಓದಿ ಕಲಿತವನು. 6 ಮಂತ್ರ ಇರುವ ಪುಸ್ತಕದಿಂದ ಶುರು ಮಾಡುತ್ತಾನೆ, ಹೊಸದು ಕಂಡರೆ ಬರೆದುಕೊಳ್ಳುತ್ತಾನೆ. ಅದೂ ಪುಕ್ಕಟೆ ಅಲ್ಲ. ಮಂತ್ರದ ಒಂದೊಂದು ಹಂತಕ್ಕೂ 2 ಗಂಟೆ, 50 ಚಿನ್ನದ ನಾಣ್ಯ ಬೇಕು. ತುಮಕೂರಿನ ನಮ್ಮ ಭಾನುವಾರದ ಆಟದಲ್ಲಿ ಗೆಳೆಯನೊಬ್ಬ ಇದಕ್ಕೆ ನಿಜವಾಗಿಯೂ 100 ಪುಟದ ನೋಟ್‌ಬುಕ್ ಇಟ್ಟಿದ್ದಾನೆ. ಒಮ್ಮೆ ಅದರ ಮೇಲೆ ಕಾಫಿ ಚೆಲ್ಲಿತು. ಆಟ ನಡೆಸುವವನು 'ಬೆಂಕಿ ಮಂತ್ರ ಹೋಯ್ತು' ಅಂದುಬಿಟ್ಟ!

ಸಾರ್ಸರರ್‌ಗೆ ಅದು ರಕ್ತದಲ್ಲೇ ಬಂದದ್ದು. ಗೊತ್ತಿರುವ ಮಂತ್ರ ಕಡಿಮೆ, ಆದರೆ ಪಾತ್ರ 3ನೇ ಹಂತಕ್ಕೇರಿದ ಮೇಲೆ ಅದನ್ನೇ ತಿರುಚಿ ಹಾಕಬಲ್ಲ: ಒಂದನ್ನೇ ಇಬ್ಬರ ಮೇಲೆ, ಇಲ್ಲವೇ ತುಟಿ ಅಲುಗಿಸದೆ.

ವಾರ್ಲಾಕ್ ಯಾವುದೋ ದೊಡ್ಡ ಶಕ್ತಿಯ ಜೊತೆ ಒಪ್ಪಂದ ಮಾಡಿಕೊಂಡವನು. ಎಷ್ಟು ಸಲ ಬೇಕಾದರೂ ಹಾಕಬಹುದಾದ ಚಿಲ್ಲರೆ ಮಂತ್ರ ಬಿಟ್ಟರೆ, ಮೊದಮೊದಲು ಒಂದೆರಡು ಹಾಕುವಷ್ಟರಲ್ಲಿ ಕೈ ಖಾಲಿ. ಆದರೆ ಉಳಿದಿಬ್ಬರಿಗೆ ಪೂರ್ತಿ ತುಂಬಿಕೊಳ್ಳಲು ರಾತ್ರಿ ನಿದ್ದೆ ಬೇಕು, ಇವನಿಗೆ 1 ಗಂಟೆ ವಿಶ್ರಾಂತಿ ಸಾಕು. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವಷ್ಟು ಹೊತ್ತು.

ಮೊದಲ ಸಲ ಆಡುವವರಾದರೆ ಸುಮ್ನೆ ವಾರ್ಲಾಕ್ ತಗೊಳ್ಳಿ, ಲೆಕ್ಕ ಇಡುವ ತಲೆನೋವು ಕಡಿಮೆ.